ಎಲ್ಲರ ಕೈ ಸೋತಿದ್ದ ದಿನ

ನನ್ನ ಅತ್ತಿಗೆ ಜಯಾ ಬಿಸಿ ಕಾಫಿ ಕುಡಿದದ್ದನ್ನು ನಾನು ನೋಡಿ ನಾಲ್ಕು ವರ್ಷ ದಾಟಿತು. ಬೆರೆಸುವುದೇನೋ ಬಿಸಿಯಾಗಿಯೇ ಬೆರೆಸುತ್ತಾರೆ. ಮೊದಲ ಲೋಟ ಅಣ್ಣನಿಗೆ, ಆರಿಸಿ, ಚಮಚದಲ್ಲಿ. ಎರಡನೆಯದು ನನಗೆ. ಮೂರನೆಯದು ಅಡುಗೆಕಟ್ಟೆಯ ಮೇಲೆ ಕೆನೆ ಕಟ್ಟಿಕೊಂಡು ಕೂತಿರುತ್ತದೆ. ಅಷ್ಟರಲ್ಲಿ ಅಣ್ಣನ ಬಾಯಿ ಒರೆಸಬೇಕು, ಕುಕ್ಕರ್ ಇಳಿಸಬೇಕು, ಹಾಲಿನವನಿಗೆ ಬಾಗಿಲು ತೆಗೆಯಬೇಕು. ಕೊನೆಗೆ ನಿಂತಲ್ಲೇ ಎರಡು ಗುಟುಕಿಗೆ ಸುರಿದುಕೊಂಡು ಲೋಟ ತೊಳೆದಿಡುತ್ತಾರೆ. "ಬಿಸಿ ಮಾಡ್ಕೊಂಡು ಕುಡೀರಿ ಅತ್ತಿಗೆ" ಅಂದರೆ "ನನಗೆ ಇಷ್ಟು ಸಾಕು ಬಿಡು" ಅನ್ನುತ್ತಾರೆ. ಈ 'ಸಾಕು ಬಿಡು' ಕೇಳಿ ಕೇಳಿ ನನಗೆ ಮೈ ಉರಿಯುತ್ತದೆ.

ನಾನು ರಮಾಮಣಿ. ನನ್ನ ಯಜಮಾನರು ವಿಮಾ ಕಚೇರಿಯಲ್ಲಿದ್ದಾರೆ, ಇಪ್ಪತ್ತಾರು ವರ್ಷದಿಂದ ನಮ್ಮ ವಾಸ ವಡೋದರಾದಲ್ಲಿ. ನನ್ನ ಅಣ್ಣ ಅನಂತರಾಮ ಬ್ಯಾಂಕಿನ ವರ್ಗದ ಮೇಲೆ ತುಮಕೂರಿನಿಂದ ಅಹಮದಾಬಾದಿಗೆ ಬಂದವನು ಅಲ್ಲಿನ ಮಣಿನಗರ ಬಡಾವಣೆಯಲ್ಲೇ ಬೇರು ಬಿಟ್ಟ. ಅದಕ್ಕೆ ಕಾರಣ ಅತ್ತಿಗೆ. ಅವರಿಗೆ ಇಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಬಿಂದಿಗೆಯ ತೂತು ಮುಚ್ಚುವ ಬೆಸುಗೆ ಅಲ್ಲ. ಆಕಾಶಕ್ಕೆ ಹೋಗುವ ಯಂತ್ರದೊಳಗಿನ ಸರ್ಕಿಟ್ ಹಲಗೆಗಳ ಮೇಲೆ ಸಾಸಿವೆಗಿಂತ ಸಣ್ಣ ಸಣ್ಣ ಬೆಸುಗೆ. ದೊಡ್ಡ ಮಸೂರದ ಕೆಳಗೆ ಕೈ ಇಟ್ಟು, ಉಸಿರು ಬಿಗಿಹಿಡಿದು ಹಾಕಬೇಕು. ಮೇಲೆ ಹೋದಮೇಲೆ ಕೆಟ್ಟರೆ ಏಣಿ ಹಾಕಿ ಹತ್ತಿ ರಿಪೇರಿ ಮಾಡುವ ಹಾಗಿಲ್ಲವಲ್ಲ. ಹಾಗಾಗಿ ಅಲ್ಲಿ ಪ್ರತಿಯೊಂದು ತಪ್ಪಿಗೂ ಒಂದು ಹಾಳೆ. ಏನು ದೋಷ, ಏನು ಕಾರಣ, ಮುಂದೇನು ಮಾಡುವುದು, ಎಲ್ಲ ಬರೆದಿಡಬೇಕು. ಇಪ್ಪತ್ತೈದು ವರ್ಷದಲ್ಲಿ ಅತ್ತಿಗೆಯ ಹೆಸರಿಗೆ ಬಂದ ಹಾಳೆಗಳು ಬೆರಳೆಣಿಕೆ ಅಂತ ಅಣ್ಣ ಮಾತಾಡುತ್ತಿದ್ದ ಕಾಲದಲ್ಲಿ ಜಂಬ ಕೊಚ್ಚುತ್ತಿದ್ದ.

ಅವನ ಮಾತು ಹೋದದ್ದು ನಾಲ್ಕು ವರ್ಷದ ಹಿಂದಿನ ಸಂಕ್ರಾಂತಿಯ ದಿನ. ಇಲ್ಲಿನವರಿಗೆ ಅದು ಉತ್ತರಾಯಣ. ಅವತ್ತು ಅಹಮದಾಬಾದಿನಲ್ಲಿ ಮನೆಯೊಳಗೆ ನರಪಿಳ್ಳೆ ಇರುವುದಿಲ್ಲ, ಎಲ್ಲರೂ ತಾರಸಿಯ ಮೇಲೆ. ನಾವೂ ಒಂದು ಕೈಯಲ್ಲಿ ಎಳ್ಳುಬೆಲ್ಲದ ತಟ್ಟೆ, ಇನ್ನೊಂದು ಕೈಯಲ್ಲಿ ಗಾಳಿಪಟ ಹಿಡಿದು ಬೆಳಿಗ್ಗೆ ಏಳಕ್ಕೇ ಹತ್ತಿದ್ದೆವು. ಅಣ್ಣ ಪಟ ಹಾರಿಸುವುದು, ನಾನು ಅವನ ಹಿಂದೆ ನಿಂತು ದಾರದ ಫಿರ್ಕಿ ಹಿಡಿದು ಸುತ್ತುವುದು. ಅತ್ತಿಗೆ ಕೆಳಗೆ ಅಡುಗೆಯಲ್ಲಿದ್ದರು.

ಹತ್ತೂವರೆ ಇರಬೇಕು. ಅಣ್ಣನ ಬಲಗೈಯಿಂದ ದಾರ ಜಾರಿತು. ಒಂದು ಸಲ ಅಲ್ಲ, ಎರಡು ಸಲ. ನನ್ನ ಕಡೆ ತಿರುಗಿ ಏನೋ ಹೇಳಿದ, ನಾಲಿಗೆ ತೊದಲಿತು. ನಾನು ಗೊಳ್ಳೆಂದು ನಕ್ಕೆ. "ಏನಣ್ಣ, ಪಕ್ಕದ ತಾರಸಿಯೋರು ಏನಾದ್ರೂ ಕುಡಿಸಿದ್ರಾ?" ಅಂದೆ. ಪಾನನಿಷೇಧದ ಊರಿನಲ್ಲಿ ಅದೊಂದು ಭಾರಿ ಹಾಸ್ಯ ಅಂತ ನನ್ನ ಲೆಕ್ಕ. ಅವನೂ ಅರ್ಧ ಬಾಯಿಯಲ್ಲಿ ನಕ್ಕು ಮೆಟ್ಟಿಲು ಇಳಿದುಹೋದ. ಅರ್ಧ ಬಾಯಿಯಲ್ಲಿ! ನಾನು ಅವನ ಪಟದ ದಾರ ಹಿಡಿದುಕೊಂಡು ಅಲ್ಲೇ ಕುಣಿಯುತ್ತಿದ್ದೆ.

ಕೆಳಗೆ ಹೋಗಿ ಅತ್ತಿಗೆಗೆ ಅವನು ಹೇಳಿದ್ದು ಎರಡೇ ಪದ. "ಕೈ ಸೋತಿದೆ." ಅತ್ತಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗದೆಯೇ, "ಬೆಳಗಿನಿಂದ ದಾರ ಎಳೆದ್ರೆ ಇನ್ನೇನಾಗತ್ತೆ? ಸ್ವಲ್ಪ ಮಲಗಿ, ಊಟಕ್ಕೆ ಎಬ್ಬಿಸ್ತೀನಿ" ಅಂದರು. ಯಾರಾದರೂ ಅದನ್ನೇ ಹೇಳುತ್ತಿದ್ದರು. ಉತ್ತರಾಯಣದ ದಿನ ಈ ಊರಿನಲ್ಲಿ ಕೈ ಸೋಲದವರು ಯಾರಿದ್ದಾರೆ? ಮೂರು ಗಂಟೆಗೆ ಎಬ್ಬಿಸಲು ಹೋದಾಗ ಅಣ್ಣನ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಬೇಗ ತಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು ಅಂದರು ಡಾಕ್ಟರು.

ಆಮೇಲೆ ಆಸ್ಪತ್ರೆಯ ಪಡಸಾಲೆಯಲ್ಲಿ, ಕನ್ನಡ ಸಂಘದ ಏಳೆಂಟು ಜನರ ಎದುರಿಗೆ, ಅತ್ತಿಗೆಯ ಮಗಳು ಮನು, ಅಂದರೆ ಮನಸ್ವಿನಿಯ ಎದುರಿಗೆ, ನಾನು ಬಾಯಿ ಬಿಟ್ಟೆ. "ನಾಲ್ಕು ಗಂಟೆ ಹೊತ್ತು ಮಲಗಿಸಿಬಿಟ್ರಲ್ಲ ಅತ್ತಿಗೆ! ಕೈ ಸೋತಿದೆ ಅಂದಾಗ್ಲೇ ಕರ್ಕೊಂಡು ಬಂದಿದ್ರೆ ಅಣ್ಣ ಇವತ್ತು ಮಾತಾಡ್ತಿದ್ದ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದಕ್ಕಿಂತ ಜಾಣೆ, ಯಾರೂ ಕಳ್ಳಿ ಅನ್ನುವ ಮೊದಲೇ ಕುಂಬಳಕಾಯಿಯನ್ನು ಅತ್ತಿಗೆಯ ಹೆಗಲ ಮೇಲೆ ಇಟ್ಟುಬಿಟ್ಟೆ. ಅವರು "ಹೌದು" ಅಂತ ತಲೆ ಆಡಿಸಿದರು, ಅಷ್ಟೇ. ತಾರಸಿಯ ಮೇಲಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ನಾನು ರೈಲು ಹತ್ತಿ ಮಣಿನಗರಕ್ಕೆ ಬರುತ್ತೇನೆ. ಎರಡು ಗಂಟೆಯ ದಾರಿ. ಸಂಜೆ ಅತ್ತಿಗೆ ಕೆಲಸದಿಂದ ಬಂದು ಕಾಫಿ ಕೊಟ್ಟಮೇಲೆ ವಾಪಸು. "ರಮಾಮಣಿ ಅಣ್ಣನಿಗಾಗಿ ಎಷ್ಟು ಒದ್ದಾಡ್ತಾಳೆ" ಅಂತ ಸಂಘದವರು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ದಾರಿ ನಡುವಿನ ಆಣಂದ್ ಸ್ಟೇಷನ್ನಿನಲ್ಲೇ ಇಳಿದು ಎಲ್ಲಿಗಾದರೂ ಹೋಗಿಬಿಡೋಣ ಅನಿಸುತ್ತದೆ.

ಅಣ್ಣನಿಗೆ ಈಗ ಉಳಿದಿರುವುದು ಒಂದೇ ಮಾತು, 'ಬಾ'. ಹಸಿವಾದರೂ ಬಾ, ಸಿಟ್ಟಿಗೂ ಬಾ, ಕಿಟಕಿ ಮುಚ್ಚಲಿಕ್ಕೂ ಬಾ. ಹಗಲಿಗೆ ನೋಡಿಕೊಳ್ಳಲು ಒಬ್ಬ ಗುಜರಾತಿ ಹೆಂಗಸು ಬರುತ್ತಾರೆ. ಅತ್ತಿಗೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವನಿಗೆ ಮೈ ಒರೆಸಿ, ಕಾಲು ತಿಕ್ಕಿ, ತಿಂಡಿ ತಿನ್ನಿಸಿ, ಸಂಸ್ಥೆಯ ಬಸ್ಸು ಹಿಡಿಯುತ್ತಾರೆ. ಸಂಜೆ ಬಂದು ಮತ್ತೆ ಅದೇ ಶುರು. ಭಾನುವಾರ ಅನ್ನುವುದು ಅವರಿಗೆ ಬಟ್ಟೆ ಒಗೆಯುವ ದಿನ. ಸೀರೆ ಕೊಂಡದ್ದು ಕಾಣೆ, ಸಂಘದ ಯುಗಾದಿ ಊಟಕ್ಕೆ ಬಂದದ್ದೂ ಕಾಣೆ. ಕರೆದರೆ "ನಾನು ಬಂದು ಕೂತು ಹೋಳಿಗೆ ತಿನ್ನೋದಾ?" ಅನ್ನುತ್ತಾರೆ. ಹೋಳಿಗೆ ತಿನ್ನುವುದು ಕೊಲೆ ಮಾಡಿದಷ್ಟು ಪಾಪ ಅನ್ನುವ ಹಾಗೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವರ ಮುಖ ಸುಣ್ಣದ ಗೋಡೆಯಾಯಿತು. ಮುಟ್ಟು ತಿಂಗಳಿಗೆ ಹದಿನೈದು ದಿನ. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದರು. ನಾನು ಜಗಳ ಆಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆ, ಕ್ಯಾನ್ಸರ್ ಅಲ್ಲ, ಆದರೆ ತೆಗೆಯಲೇಬೇಕು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ರಕ್ತ ಕೊಟ್ಟು, ಇಂಜೆಕ್ಷನ್ ಕೊಟ್ಟು ಹತ್ತಕ್ಕೆ ತಂದರು. "ಈಗ ಆಪರೇಷನ್ ಮಾಡಿಬಿಡೋಣ, ಬಿಟ್ಟರೆ ಮತ್ತೆ ಇಳಿಯುತ್ತದೆ. ಎದೆಗೆ ಬಂದರೆ ನನ್ನ ಕೈಯಲ್ಲೂ ಏನೂ ಇಲ್ಲ" ಅಂದರು ಡಾಕ್ಟರಮ್ಮ. ದಿನ ಗೊತ್ತಾಯಿತು. ಅತ್ತಿಗೆ ರದ್ದು ಮಾಡಿದರು. ಮತ್ತೆ ದಿನ ಗೊತ್ತಾಯಿತು. ಸಂಸ್ಥೆಯಲ್ಲಿ ತುರ್ತು ಕೆಲಸ ಅಂತ ಮತ್ತೆ ರದ್ದು. ಮೂರನೆಯ ಸಲ ಬರುವ ಸೋಮವಾರ ಅಂತ ಆದಾಗ ನಾನು ಎರಡು ವಾರಕ್ಕೆ ಬೇಕಾದಷ್ಟು ಸೀರೆ ಚೀಲಕ್ಕೆ ತುಂಬಿಕೊಂಡು ಶನಿವಾರ ಬೆಳಿಗ್ಗೆಯೇ ಬಂದಿಳಿದೆ.

ಬಾಗಿಲು ತೆಗೆದವರೇ ಹೇಳಿದರು. "ನೀನು ಯಾಕೆ ಬಂದೆ ರಮಾ? ಸೋಮವಾರ ಆಗಲ್ಲ ಅಂತ ಹೇಳೋಣ ಅಂತಿದ್ದೆ."

"ಯಾರಿಗೆ ಆಗಲ್ಲ?"

"ಇವರಿಗೆ ಕೆಮ್ಮು ಬಂದಿದೆ. ಕೆಮ್ಮು ಇರೋವಾಗ ಬಿಟ್ಟು ಹೋದ್ರೆ..."

"ನಾನಿಲ್ವಾ? ನಾನೇನು ಕಂಬನಾ?"

"ನಿನಗೆ ಗೊತ್ತಾಗಲ್ಲ. ಮಾತ್ರೆ, ಮಗ್ಗುಲು ತಿರುಗಿಸೋದು, ಎಲ್ಲ ಹೊತ್ತು ಹೊತ್ತಿಗೆ ಆಗ್ಬೇಕು."

ನನಗೆ ನೆತ್ತಿಗೆ ಏರಿತು. ಚೀಲ ಅಲ್ಲೇ ಎಸೆದೆ. "ಮೂರು ಸಲ ಆಯ್ತು ಅತ್ತಿಗೆ! ಸಾಯ್ಬೇಕು ಅಂತ ಇದ್ದೀರಾ? ಹಾಗಿದ್ರೆ ಹೇಳಿಬಿಡಿ, ನಾನು ಸುಮ್ನೆ ರೈಲಿಗೆ ದುಡ್ಡು ಯಾಕೆ ಸುರೀಲಿ?" ಒಳಗಿನಿಂದ ಅಣ್ಣ "ಬಾ, ಬಾ, ಬಾ" ಅಂದ. ಗದರಿದ್ದೋ, ಅಂಜಿದ್ದೋ, ದೇವರಿಗೇ ಗೊತ್ತು. ಅತ್ತಿಗೆ ಜಗಳಕ್ಕೂ ಬರಲಿಲ್ಲ. ಜಗಳ ಆಡುವಷ್ಟು ಶಕ್ತಿಯೂ ಉಳಿದಿರಲಿಲ್ಲ ಪಾಪ. ಅವನ ಕೋಣೆಗೆ ಹೋಗಿ ಕೂತರು.

ಆಸ್ಪತ್ರೆಗೆ ನಾನೇ ಫೋನ್ ಮಾಡಿ ಸೋಮವಾರ ಖಂಡಿತ ಬರುತ್ತೇವೆ ಅಂತ ಹೇಳಿಬಿಡೋಣ ಅಂದುಕೊಂಡೆ. ನಂಬರು ಫೈಲಿನಲ್ಲಿತ್ತು. ಫೈಲು ಹುಡುಕುತ್ತ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿದಾಗ ಸಿಕ್ಕಿದ್ದು ಒಂದು ಉದ್ದನೆಯ ನೋಟ್‌ಬುಕ್ಕು. ಸ್ಕೇಲು ಇಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದರು. ದಿನಾಂಕ. ದೋಷ. ಕಾರಣ. ನಿರ್ಣಯ. ಅತ್ತಿಗೆಯ ಮುದ್ದಾದ ಅಕ್ಷರ. ಸಂಸ್ಥೆಯದ್ದಿರಬೇಕು ಅಂತ ಮುಚ್ಚಲು ಹೋದವಳ ಕಣ್ಣಿಗೆ 'ಸಾರು' ಅನ್ನುವ ಪದ ಬಿತ್ತು. ಆಕಾಶಯಂತ್ರಕ್ಕೂ ಸಾರಿಗೂ ಏನು ಸಂಬಂಧ?

ಕೂತು ಓದಿದೆ. ಬೆಳಗಿನ ಮಾತ್ರೆ ಹತ್ತು ನಿಮಿಷ ತಡ. ಕಾರಣ: ನಾನು. ಸಾರಿಗೆ ಎರಡು ಸಲ ಉಪ್ಪು. ಕಾರಣ: ನಾನು. ಮನು ಫೋನ್ ಮಾಡಿದಾಗ ಸಿಡುಕಿದೆ. ಕಾರಣ: ನಾನು. ಬಸ್ಸಿನಲ್ಲಿ ನಿದ್ದೆ ಮಾಡಿದೆ. ಕಾರಣ: ನಾನು. ಅಯ್ಯೋ ದೇವರೇ, ಬಸ್ಸಿನಲ್ಲಿ ನಿದ್ದೆ ಮಾಡಿದ್ದೂ ಒಂದು ದೋಷವೇ! ಪುಟ ತಿರುವಿದಷ್ಟೂ ಇದೇ. ಒಂದು ದಿನ ತಪ್ಪಿಲ್ಲ. ನಾಲ್ಕನೆಯ ಕಾಲಂ ಮಾತ್ರ ಮೊದಲಿಂದ ಕೊನೆಯವರೆಗೆ ಖಾಲಿ. ಮೊದಲ ಪುಟಕ್ಕೆ ಬಂದೆ. 'ಜನವರಿ 14. ಕೈ ಸೋತಿದೆ ಅಂದರು. ಮಲಗಿ ಅಂದೆ. ತಿರುಗಿ ಮುಖ ನೋಡಲಿಲ್ಲ. ಕಾರಣ: ನಾನು.'

ನಾಲ್ಕು ವರ್ಷ ನಾನು ಗುರುವಾರ ಗುರುವಾರ ಬಂದು ಇದೇ ಕೋಣೆಯಲ್ಲಿ ಕೂತು ಕಾಫಿ ಕುಡಿದು ಹೋಗಿದ್ದೇನೆ. ಇದರ ಬೀಜ ಬಿತ್ತಿದವಳು ನಾನೇ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕಸಿದುಕೊಳ್ಳುತ್ತಾರೆ ಅಂದುಕೊಂಡೆ. ಅವರು ಬಂದು ಮಂಚದ ತುದಿಗೆ ಕುಸಿದು ಕೂತರು.

"ಇದು ಯಾಕೆ ಖಾಲಿ?" ಅಂದೆ. ನನ್ನ ಬೆರಳು ನಾಲ್ಕನೆಯ ಕಾಲಮ್ಮಿನ ಮೇಲಿತ್ತು.

"ಅದನ್ನ ಮಾಡಿದೋರು ತುಂಬೋ ಹಾಗಿಲ್ಲ" ಅಂದರು, ಹೊಸ ಹುಡುಗಿಯರಿಗೆ ಪಾಠ ಹೇಳುವ ದನಿಯಲ್ಲಿ. "ಬೆಸುಗೆ ಹಾಕಿದೋರು ತಮ್ಮ ಬೆಸುಗೆನ ತಾವೇ ಪಾಸು ಮಾಡೋ ಹಾಗಿಲ್ಲ, ಫೇಲು ಮಾಡೋ ಹಾಗೂ ಇಲ್ಲ. ಇನ್ನೊಬ್ಬರು ಬಂದು ನೋಡ್ಬೇಕು. ನೋಡಿ ಅವರು ಬರೀತಾರೆ. ತಿದ್ದು, ಇಲ್ಲಾ ಬಿಸಾಡು, ಇಲ್ಲಾ ಇದ್ದ ಹಾಗೇ ಬಳಸು."

"ದೋಷ ಇದ್ರೂ ಬಳಸ್ತಾರಾ?"

"ಎಷ್ಟೋ ಸಲ. ಕೆಲಸಕ್ಕೆ ಅಡ್ಡಿ ಇಲ್ಲ ಅಂದ್ರೆ ಬಳಸ್ತಾರೆ. ಸುಮ್ನೆ ಕೆದಕಿದ್ರೆ ಇನ್ನೂ ಹಾಳು."

"ಮತ್ತೆ ಇದನ್ನ ಯಾರು ನೋಡಿದ್ರು? ನೀವೇ ಮಾಡಿದೋರು, ನೀವೇ ಇನ್ಸ್‌ಪೆಕ್ಟರು. ನಿಮ್ಮ ಆಫೀಸಲ್ಲಿ ಒಪ್ತಾರಾ? ತನ್ನ ಬೆನ್ನು ತನಗೆ ಕಾಣಲ್ಲ ಅತ್ತಿಗೆ."

ಅವರು ಹಸ್ತದಿಂದ ಹಾಸಿಗೆಯ ಸುಕ್ಕು ಸರಿ ಮಾಡುತ್ತ ಕೂತರು. ಈಗ ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಹೇಳಿದೆ. ದಾರ ಎರಡು ಸಲ ಜಾರಿದ್ದು, ನಾಲಿಗೆ ತೊದಲಿದ್ದು, ನಾನು ನಕ್ಕಿದ್ದು, ಕುಡಿಸಿದ್ರಾ ಅಂದದ್ದು, ಅವನ ಅರ್ಧ ಬಾಯಿಯ ನಗು. "ನಿಮಗೆ ಕೈ ಒಂದೇ ಗೊತ್ತಿತ್ತು. ನಾನು ಬಾಯೂ ನೋಡಿದ್ದೆ. ನೋಡಿ ಪಟ ಹಾರಿಸ್ತಾ ಇದ್ದೆ. ಆಮೇಲೆ ಎಲ್ಲರ ಮುಂದೆ ನಿಮ್ಮ ಮೇಲೆ ಹಾಕ್ದೆ." ಅಳು ಬಂತು. ನನ್ನ ಅಳು ನನಗೇ ಅಸಹ್ಯ ಅನಿಸಿತು.

ಅತ್ತಿಗೆ ಮೊದಲಿಗೆ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಮುಖ ಕೆಂಪಾಗುವಷ್ಟು ರಕ್ತ ಅವರ ಮೈಯಲ್ಲಿ ಇತ್ತು ಅಂತ ಗೊತ್ತಾದದ್ದೇ ಆಗ. "ನಾಲ್ಕು ವರ್ಷ" ಅಂದರು. "ಮನು ಎದುರಿಗೆ ಅಂದ್ಯಲ್ಲೇ ರಮಾ. ಆ ಮಗು ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡ್ಲಿಲ್ಲ."

"ಹೊಡೀರಿ ಅತ್ತಿಗೆ. ನಾಲ್ಕು ಬಿಡಿ."

"ಹೊಡೆಯೋಕೂ ಕೈಲಾಗಲ್ಲ ಹೋಗೇ" ಅಂದರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ನಾನು ಇನ್ನೂ ಬಿಕ್ಕುತ್ತಲೇ ಇದ್ದೆ. ಅತ್ತಿಗೆ ನಿಟ್ಟುಸಿರು ಬಿಟ್ಟು ತಮ್ಮ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. "ಒರೆಸ್ಕೋ. ಅಳಬೇಡ ಸಾಕು. ಹಬ್ಬದ ಗಲಾಟೆ, ಮೈಕು, ಕೂಗಾಟ, ಅದರಲ್ಲಿ ನಿನಗೇನು ಗೊತ್ತಾಗ್ಬೇಕಿತ್ತು? ನೀನೇನು ಡಾಕ್ಟ್ರಾ? ಅವತ್ತು ಎಲ್ಲರ ಕೈಯೂ ಸೋತಿತ್ತು ರಮಾ. ಬೇಕಂತ ಮಾಡಿದ್ಯಾ? ಇಲ್ವಲ್ಲ."

ಹೇಳಿ ಮುಗಿಸಿದವರು ಹಾಗೇ ಕೂತುಬಿಟ್ಟರು. ಬಾಯಿ ಅರ್ಧ ತೆರೆದೇ ಇತ್ತು. ನನಗೂ ಅಳು ನಿಂತುಹೋಯಿತು. ನಾಲ್ಕು ವರ್ಷ ತನಗೆ ತಾನು ಒಮ್ಮೆಯೂ ಹೇಳಿಕೊಳ್ಳದ ಮಾತನ್ನು ಆ ಹೆಂಗಸು ನನ್ನಂಥವಳಿಗೆ ಕಾಲು ಗಂಟೆಯಲ್ಲಿ ಹೇಳಿಬಿಟ್ಟಿದ್ದರು. ತಪ್ಪು ಅದೇ, ದಿನ ಅದೇ, ನನ್ನದು ಅವರದ್ದಕ್ಕಿಂತ ದೊಡ್ಡದು.

"ಇನ್ನೊಂದ್ಸಲ ಹೇಳಿ" ಅಂದೆ.

"ಏನನ್ನ?"

"ಈಗ ಹೇಳಿದ್ದನ್ನ. ನನಗಲ್ಲ."

ಅವರು ಮುಖ ಆಚೆ ತಿರುಗಿಸಿ, ದನಿಯಿಲ್ಲದೆ ಅತ್ತರು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಸ್ಪತ್ರೆಯ ಪಡಸಾಲೆಯಲ್ಲೂ ಅತ್ತಿರಲಿಲ್ಲ. ನಾನು ಮುಟ್ಟಲು ಹೋಗಲಿಲ್ಲ. ಬೀರುವಿನಿಂದ ಪೆನ್ನು ತೆಗೆದು, ಮೊದಲ ಪುಟದ ನಾಲ್ಕನೆಯ ಕಾಲಮ್ಮಿನಲ್ಲಿ, ಗೆರೆ ದಾಟುವಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ. 'ಎಲ್ಲರ ಕೈಯೂ ಸೋತಿತ್ತು. ಇದ್ದ ಹಾಗೇ ಬಳಸಿ.' ಕೆಳಗೆ ರುಜು ಹಾಕಿದೆ, ರಮಾಮಣಿ.

ಅತ್ತಿಗೆ ಕಣ್ಣು ಒರೆಸಿಕೊಂಡು ಬಗ್ಗಿ ನೋಡಿದರು. "ಬಳಸೋಕೆ ನಾನೇನು ತಾಮ್ರದ ತಂತಿನಾ? ಮತ್ತೆ ಇನ್ಸ್‌ಪೆಕ್ಟರು ತಾರೀಖು ಹಾಕ್ಬೇಕು, ಅಷ್ಟೂ ಗೊತ್ತಿಲ್ಲ" ಅಂದರು. ನಾನು ತಾರೀಖು ಹಾಕಿದೆ. ಉಳಿದ ಪುಟಗಳನ್ನು ಏನು ಮಾಡಲಿ ಅಂತ ಕೇಳಿದೆ. "ಅಲ್ಲೇ ಇಡು" ಅಂದರು. ಹರಿದು ಹಾಕಿ ಅನ್ನುತ್ತಾರೆ ಅಂದುಕೊಂಡಿದ್ದೆ, ಅನ್ನಲಿಲ್ಲ. ನಾಲ್ಕು ವರ್ಷದ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆಯೇ? ಆಸ್ಪತ್ರೆಗೆ ಫೋನ್ ಮಾಡಲು ಮಾತ್ರ ಬೇಡ ಅನ್ನಲಿಲ್ಲ.

ಭಾನುವಾರ ಸೂರತ್‌ನಿಂದ ಮನಸ್ವಿನಿ ಬಂದಳು. ಅಲ್ಲಿನ ಪಾಂಡೇಸರಾದ ಒಂದು ಬಟ್ಟೆ ಮಿಲ್ಲಿನಲ್ಲಿ ಸೀರೆಗೆ ಡಿಸೈನ್ ಮಾಡುತ್ತಾಳೆ. ಅವಳ ಕನ್ನಡ ಅರ್ಧ ಇಂಗ್ಲಿಷು, ಅರ್ಧ ಗುಜರಾತಿ. "ಅತ್ತೆ, ಮಮ್ಮಿ ಪಕ್ಕಾ ಬರ್ತಾರಾ? ಲಾಸ್ಟ್ ಮಿನಿಟ್ 'ನಾ', ಬರಲ್ಲ ಅಂದ್ರೆ?" ಅಂತ ನನ್ನ ಕಿವಿಯಲ್ಲಿ ಕೇಳಿದಳು. ನನಗೂ ಅದೇ ಭಯ. ಆ ಸಂಜೆ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ, ನನ್ನ ಕಥೆಯನ್ನು ಅವಳಿಗೂ ಹೇಳಿದೆ. ಅವಳು ಕೆಳಗೆ ಹೋಗಿ ಅಮ್ಮನ ಪಕ್ಕ ಮಲಗಿದಳು. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಿಲ್ಲ. ಆಡದಿದ್ದರೂ ನ್ಯಾಯವೇ.

ಸೋಮವಾರ ಬೆಳಿಗ್ಗೆ ಅಣ್ಣನ ಬಳಿ ಅವಳನ್ನು ಬಿಟ್ಟು ನಾವಿಬ್ಬರೂ ಆಟೋ ಹತ್ತಿದೆವು. ಹೊರಡುವಾಗ ಅಣ್ಣ ಎಡಗೈಯಿಂದ ಅತ್ತಿಗೆಯ ಸೆರಗು ಹಿಡಿದು "ಬಾ" ಅಂದ. "ಬರ್ತೀನಿ, ಹೆದರ್ಬೇಡಿ" ಅಂತ ಬಿಡಿಸಿಕೊಂಡರು. ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ನರ್ಸು ಬಂದು ನಾನು ಯಾರು ಅಂತ ಗುಜರಾತಿಯಲ್ಲಿ ಕೇಳಿದಳು. "ನಣಂದ್" ಅಂದರು ಅತ್ತಿಗೆ, ನಾದಿನಿ. ಅಷ್ಟಕ್ಕೆ ಸುಮ್ಮನಾಗಲಿಲ್ಲ, ನನ್ನ ಕೈ ಹಿಡಿದುಕೊಂಡೇ ಶುರು ಮಾಡಿದರು. "ಎಂಟು ಗಂಟೆಗೆ ಬಿಳೀ ಮಾತ್ರೆ. ಹನ್ನೊಂದಕ್ಕೆ ಎಡಮಗ್ಗುಲಿಗೆ ತಿರುಗಿಸ್ಬೇಕು. ಒಂದಕ್ಕೆ ಅರ್ಧ ಮಾತ್ರೆ, ಪುಡಿ ಮಾಡಿ, ಮೊಸರಲ್ಲಿ. ಸಂಜೆದು ಆರಕ್ಕೆ..."

"ಗೊತ್ತು ಅತ್ತಿಗೆ. ತಡ ಆದ್ರೆ ನಿಮ್ಮ ನೋಟ್‌ಬುಕ್ಕಲ್ಲಿ ಬರೀತೀನಿ. ಹತ್ತು ನಿಮಿಷ ತಡ, ಕಾರಣ: ರಮಾಮಣಿ" ಅಂದೆ, ನಗಿಸೋಣ ಅಂತ.

ಮಂಚ ಉರುಳಲು ಶುರುವಾಗಿತ್ತು. ಅವರು ತಲೆ ಎತ್ತಿ ನನ್ನ ಕಡೆ ನೋಡಿದರು.

"ಏನೂ ಬರೀಬೇಡ" ಅಂದರು. "ಹತ್ತು ನಿಮಿಷ ತಡ ಆದ್ರೆ ಏನೂ ಆಗಲ್ಲ ರಮಾ."

ಮೂರು ದಿನದ ಮೇಲೆ ಅತ್ತಿಗೆ ಅದೇ ಆಸ್ಪತ್ರೆಯ ವಾರ್ಡಿನಲ್ಲಿ, ದಿಂಬಿಗೆ ಒರಗಿ, ನಾನು ಫ್ಲಾಸ್ಕಿನಲ್ಲಿ ತಂದ ಕಾಫಿಯನ್ನು ಊದಿ ಊದಿ ಕುಡಿದರು. ನಾಲಿಗೆ ಸುಟ್ಟಿತು ಅಂತ ನನ್ನನ್ನೇ ಬೈದರು.